ಗಬ್ಬೂರು ದಾಟಿದ ಮೇಲೆ ಸೀಟಿನ ಪರೀಕ್ಷೆ

ತಮ್ಮಾ, ದೇವದುರ್ಗಕ್ಕೆ ಬದಲಿಯಾದರೂ ಮನೆ ರಾಯಚೂರಿನಲ್ಲೇ ಇರಲಿ ಅಂತ ನೀನು ಮಾಡಿದ್ದು ಸರಿಯೇ. ಮಕ್ಕಳ ಸಾಲಿ ಇಲ್ಲಿದೆ, ನಿಮ್ಮಪ್ಪನ ಔಷಧ ಇಲ್ಲಿದೆ. ಬೆಳಿಗ್ಗೆ ಗಾಡಿ ಹತ್ತಿ ಐವತ್ತು ಚಿಲ್ಲರೆ ಕಿಲೋಮೀಟರ್ ಹೋಗಿ ಸಂಜೆಗೆ ಅಷ್ಟೇ ತಿರುಗಿ ಬರುವುದು ನಮ್ಮ ಕಡೆ ಹೊಸದೇನಲ್ಲ. ಮಾಸ್ತರರು, ನರ್ಸಮ್ಮಗಳು, ಲೈನ್‌ಮನ್‌ಗಳು, ಬ್ಯಾಂಕಿನವರು ಎಷ್ಟೋ ಮಂದಿ ಹೀಗೇ ಬದುಕು ಸಾಗಿಸುತ್ತಾರೆ. ಮೇಲೆ ನಿನಗೆ ಮಾನ್ವಿಯಲ್ಲಿ ಅತ್ತೆಮನೆ ಬೇರೆ. ಆದರೆ ಮೊನ್ನೆ ನೀನು ಕೂಡಲಾರದೆ ನಿಂತುಕೊಂಡೇ ಚಾ ಕುಡಿದಿ. ನಿನ್ನ ಹೆಂಡತಿಗೆ ನಗು ಬಂತು, ನನಗೆ ಬರಲಿಲ್ಲ. ಗಬ್ಬೂರು ಬರುವಷ್ಟರಲ್ಲಿ ಉರಿ, ದೇವದುರ್ಗ ಮುಟ್ಟುವಷ್ಟರಲ್ಲಿ ಜೋಮು, ಅದಕ್ಕೆ ಆನ್‌ಲೈನಿನಲ್ಲಿ ಒಂದು ಜೆಲ್ ಸೀಟು ತರಿಸುತ್ತೇನೆ ಅಂದಿ. ದುಡ್ಡು ಕಟ್ಟುವ ಮುಂಚೆ ಇಷ್ಟು ಓದಿಕೋ. ನೌಕರಿಯ ಕಾಲವನ್ನೆಲ್ಲ ಇದೇ ಮೂರು ಊರುಗಳ ನಡುವೆ ಗಾಡಿಯ ಮೇಲೆ ಕಳೆದವನ ಮಾತು ಇದು.

ಮೊದಲು ತಿಳಿಯಬೇಕಾದ್ದು, ಮೆತ್ತಗಿರುವ ಸೀಟು ಬೇರೆ, ದೂರಕ್ಕೆ ಸುಖ ಕೊಡುವ ಸೀಟು ಬೇರೆ. ಒಂದು ಕಲ್ಲುಬೆಂಚಿನ ಮೇಲೆ ಕೂತು ಎರಡೂ ಅಂಗೈ ಕೆಳಗೆ ತೂರಿಸಿ ನೋಡು, ಪಿರ್ರೆಯ ಒಳಗಿಂದ ಎರಡು ಎಲುಬು ಕೈಗೆ ಒತ್ತುತ್ತವೆ. ನೆಟ್ಟಗೆ ಕೂತಾಗ ಮೈಭಾರ ಹೊರಬೇಕಾದವು ಅವೇ. ಸೀಟು ಹದವಾಗಿದ್ದರೆ ಅವೆರಡನ್ನೂ ಎತ್ತಿ ಹಿಡಿದು, ಸುತ್ತಲಿನ ಮಾಂಸಕ್ಕೆ ಸ್ವಲ್ಪ ಭಾರ ಹಂಚುತ್ತದೆ. ಸೀಟು ಬಹಳ ಮೆತ್ತಗಿದ್ದರೆ ಎಲುಬು ಫೋಮಿನಲ್ಲಿ ಇಳಿಯುತ್ತಾ ಹೋಗಿ ಕೊನೆಗೆ ತಳದ ತಗಡಿಗೋ ಪ್ಲಾಸ್ಟಿಕ್ಕಿಗೋ ತಾಗುತ್ತದೆ. ಅದರ ಜೊತೆಗೆ ಎರಡು ಎಲುಬುಗಳ ನಡುವಿನ ಮೆದು ಜಾಗ ಫೋಮಿನ ಮೇಲೆ ಕೂರುತ್ತದೆ. ಅಲ್ಲಿ ನರ ಇದೆ, ರಕ್ತನಾಳ ಇದೆ, ಭಾರ ಹೊರುವ ಕೆಲಸ ಅದರದ್ದಲ್ಲ. ಜೋಮು ಹಿಡಿಯುವುದು ಅಲ್ಲಿಂದ. ಅಂಗಡಿಯಲ್ಲಿ ಐದು ನಿಮಿಷ ಕೂತರೆ ಇದೊಂದೂ ಗೊತ್ತಾಗುವುದಿಲ್ಲ. ಐದು ನಿಮಿಷಕ್ಕೆ ಮೆತ್ತನೆಯದೇ ಗೆಲ್ಲುತ್ತದೆ, ಒಂದು ತಾಸಿನ ಮೇಲೆ ಗಟ್ಟಿಯದು ಗೆಲ್ಲುತ್ತದೆ. ಅದಕ್ಕೇ ಸೀಟಿನ ಪರೀಕ್ಷೆ ಗಬ್ಬೂರು ದಾಟಿದ ಮೇಲೆ ಅನ್ನುವುದು.

ಅಂಗಡಿಯಲ್ಲೇ ನೋಡಲೇಬೇಕೆಂದರೆ ಒಂದು ಉಪಾಯವಿದೆ. ಎಲ್ಲರೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಸೀಟನ್ನು ನೆಲದ ಮೇಲಿಡಿಸಿ ಕೂರುವ ಜಾಗದಲ್ಲಿ ಒಂದು ಮೊಣಕಾಲು ಊರಿ ಮೈಭಾರವೆಲ್ಲ ಹಾಕು. ತಳ ಮೊಣಕಾಲಿಗೆ ತಾಗಿದರೆ ಆ ಸೀಟನ್ನು ಬಿಡು, ಬಣ್ಣ ಎಷ್ಟೇ ಚೆನ್ನಾಗಿರಲಿ.

ಅಗಲವನ್ನೂ ನೋಡಬೇಕು. ಮನೆಗೆ ಬರುವ ಪಾರ್ಸಲ್ ಡಬ್ಬಿಯ ಸುರುಳಿರಟ್ಟು ಇರುತ್ತದಲ್ಲ, ಒಳಗೆ ಅಲೆಅಲೆಯಾಗಿ ಇರುವಂಥದ್ದು, ಅದನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು ಮೊಣಕಾಲು ಸ್ವಲ್ಪ ಎತ್ತಿ ಒಂದು ನಿಮಿಷ ಕೂತೆದ್ದರೆ ಎರಡು ತೆಗ್ಗು ಬಿದ್ದಿರುತ್ತವೆ. ಆ ಎರಡರ ನಡುವೆ ಎಷ್ಟು ಅಂತರವೋ ಅದಕ್ಕಿಂತ ಎರಡೂ ಕಡೆ ಸಾಕಷ್ಟು ಹೆಚ್ಚಿಗೆ ಅಗಲ ಸೀಟಿನ ಹಿಂಭಾಗದಲ್ಲಿ ಇರಬೇಕು. ಎಲುಬು ಸೀಟಿನ ಅಂಚಿನ ಮೇಲೆ ಬರಬಾರದು. ಹೆಂಗಸರಿಗೆ ಸಾಮಾನ್ಯವಾಗಿ ಈ ಅಂತರ ಜಾಸ್ತಿ. ಗಂಡಸರ ಅಳತೆಗೆ ಹೊಲಿದ ಸೀಟು ನರ್ಸಮ್ಮಗಳಿಗೆ ಒಗ್ಗದೆ ಹೋಗುವುದಕ್ಕೆ ಇದೂ ಒಂದು ಕಾರಣ. ಮುಂಭಾಗ ಮಾತ್ರ ಸಣ್ಣದೇ ಇರಬೇಕು, ಇಲ್ಲದಿದ್ದರೆ ತೊಡೆ ಅಗಲಿಸಿ ಕಾಲು ನೆಲಕ್ಕೆ ಎಟುಕುವುದಿಲ್ಲ.

ಇನ್ನು ನಿನ್ನ ಜೆಲ್ಲಿನ ವಿಷಯ. ಜೆಲ್ ಕೆಟ್ಟದ್ದು ಅಂತ ನಾನು ಅನ್ನುವುದಿಲ್ಲ. ಒತ್ತಡವನ್ನು ಅದು ಚೆನ್ನಾಗಿ ಹಂಚುತ್ತದೆ, ಸಣ್ಣ ನಡುಕ ತಿನ್ನುತ್ತದೆ. ತಂಪು ದೇಶದವರು ಅದನ್ನು ಹೊಗಳುವುದಕ್ಕೆ ಕಾರಣವಿದೆ. ಆದರೆ ನಮ್ಮದು ರಾಯಚೂರು ಮಾರಾಯ. ಏಪ್ರಿಲ್, ಮೇ ಬಂತೆಂದರೆ 40 ಡಿಗ್ರಿ ದಾಟುವುದು ನಮಗೆ ಸುದ್ದಿಯೇ ಅಲ್ಲ. ಕೃಷ್ಣಾ ಒಂದು ಕಡೆ ತುಂಗಭದ್ರಾ ಒಂದು ಕಡೆ ಇದ್ದರೂ ನಡುವಿನ ನೆಲ ಕಾದ ಹಂಚು. ದೇವದುರ್ಗದ ಕಚೇರಿ ಮುಂದೆ ಮಧ್ಯಾಹ್ನ ಪೂರ್ತಿ ಬಿಸಿಲಿಗೆ ನಿಂತ ಗಾಡಿಯ ಜೆಲ್ ಸೀಟು ಕಾವು ಕುಡಿದು ಇಟ್ಟುಕೊಳ್ಳುತ್ತದೆ. ಫೋಮು ಬೇಗ ಆರುತ್ತದೆ, ಜೆಲ್ ಆರುವುದಿಲ್ಲ. ಮೇಲಿಂದ ಒದ್ದೆ ಬಟ್ಟೆ ಹಾಕಿ ತಣ್ಣಗಾಯಿತು ಅಂದುಕೊಂಡು ಕೂತರೆ ಸ್ವಲ್ಪ ಹೊತ್ತಿಗೆ ಒಳಗಿನ ಕಾವು ಮೇಲೆ ಬರುತ್ತದೆ. ಹಟ ಹಿಡಿದು ಜೆಲ್ ಹಾಕಿಸುವುದಾದರೆ ಮೇಲ್ಗಡೆಯೇ ಹಾಕಿಸಬೇಡ, ಅರ್ಧ ಇಂಚಿನಷ್ಟಾದರೂ ಫೋಮಿನ ಪದರದ ಕೆಳಗೆ ಕೂರಿಸಲು ಹೇಳು, ಗಾಡಿಯನ್ನು ನೆರಳಿಗೆ ನಿಲ್ಲಿಸು.

ನಮ್ಮ ಕಡೆ ಸೀಟು ಆರಿಸುವಾಗ ಎಲುಬಿನಷ್ಟೇ ಬೆವರಿನ ಲೆಕ್ಕವನ್ನೂ ಹಿಡಿಯಬೇಕು. ನಿನ್ನ ಉರಿಯಲ್ಲಿ ಅರ್ಧ ಒತ್ತಡದ್ದು, ಇನ್ನರ್ಧ ಬೆವರು ಮತ್ತು ತಿಕ್ಕಾಟದ್ದು. ನುಣುಪು ರೆಕ್ಸಿನ್ನಿನ ಮೇಲೆ ಒದ್ದೆ ಪ್ಯಾಂಟು ಹಿಂದೆ ಮುಂದೆ ಜಾರುತ್ತಾ ಐವತ್ತು ಕಿಲೋಮೀಟರ್ ಹೋದರೆ ಯಾರ ಚರ್ಮ ತಡೆಯುತ್ತದೆ? ಸೀಟಿನ ಮೇಲೆ ಹಾಸುವ ಜಾಳಿಗೆ ಹೊದಿಕೆ ಸಿಗುತ್ತದೆ, ಎರಡು ಬಲೆಗಳ ನಡುವೆ ಗಟ್ಟಿ ನೂಲು ನಿಲ್ಲಿಸಿ ಗಾಳಿ ಆಡಲು ಸಂದು ಬಿಟ್ಟು ನೇಯ್ದದ್ದು. ಬೆಲೆ ಕೆಲವು ನೂರು ರೂಪಾಯಿ. ಗಾಡಿ ಓಡುವಾಗ ಗಾಳಿ ಅದರೊಳಗೆ ಹಾಯುತ್ತದೆ, ಬಿಸಿಲಿಗೆ ಅದು ರೆಕ್ಸಿನ್ನಿನಷ್ಟು ಸುಡುವುದಿಲ್ಲ, ಮಳೆ ಬಂದರೆ ಝಾಡಿಸಿದರೆ ಸಾಕು. ನನ್ನನ್ನು ಕೇಳಿದರೆ ರಾಯಚೂರು ಜಿಲ್ಲೆಯಲ್ಲಿ ಸೀಟಿನ ಸುಖಕ್ಕೆ ಖರ್ಚು ಮಾಡುವ ಮೊದಲ ದುಡ್ಡು ಇದಕ್ಕೇ ಹೋಗಬೇಕು. ಒಂದೇ ಎಚ್ಚರಿಕೆ, ಕಟ್ಟುವ ಪಟ್ಟಿ ಬಿಗಿಯಾಗಿರಲಿ. ಬ್ರೇಕ್ ಹಾಕಿದಾಗ ಹೊದಿಕೆ ಸಮೇತ ಟ್ಯಾಂಕಿಗೆ ಹೋಗಿ ಬಡಿಯುವಂತೆ ಇರಬಾರದು.

ಬಟ್ಟೆಯ ಮಾತು ಹೇಳಲು ನನಗೆ ನಾಚಿಕೆಯಿಲ್ಲ, ಕೇಳಲು ನಿನಗೂ ಬೇಡ. ಜೀನ್ಸ್ ಪ್ಯಾಂಟಿನಲ್ಲಿ ನಾಲ್ಕು ಹೊಲಿಗೆ ಬಂದು ಸೇರುವ ಗಂಟು ಇರುತ್ತದಲ್ಲ, ಅದು ಸರಿಯಾಗಿ ಕೂರುವ ಜಾಗದ ನಡುವೆಯೇ ಇರುತ್ತದೆ. ಚಡ್ಡಿಯ ಅಂಚಿನ ಹೊಲಿಗೆ ಇನ್ನೊಂದು. ದೂರ ಹೋಗುವ ದಿನ ಹೊಲಿಗೆ ತೆಳುವಾಗಿರುವ ಪ್ಯಾಂಟು ಹಾಕು, ಒಳಗೆ ತೊಡೆ ಮುಚ್ಚುವಷ್ಟು ಉದ್ದದ, ಬೆವರು ಬೇಗ ಆರುವ ಬಟ್ಟೆಯದು ಇರಲಿ. ಸೈಕಲ್ ತುಳಿಯುವವರು ಹಾಕುವ ಪ್ಯಾಡ್ ಚಡ್ಡಿಯನ್ನು ಕೆಲವರು ಹಾಕುತ್ತಾರೆ, ಅದೂ ನಡೆಯುತ್ತದೆ, ಆದರೆ ಅದನ್ನೇ ಹಾಕಿಕೊಂಡು ಇಡೀ ದಿನ ಕಚೇರಿಯಲ್ಲಿ ಕೂತರೆ ಬೆವರುಸಾಲೆ ಗ್ಯಾರಂಟಿ. ಮತ್ತೆ ಆ ಪಾಕೀಟು! ಹಳೇ ಪೆಟ್ರೋಲ್ ಚೀಟಿ, ಎರಡು ಎಟಿಎಂ ಕಾರ್ಡು, ಆಧಾರು, ದೇವರ ಫೋಟೋ ಎಲ್ಲ ತುರುಕಿ ಊದಿಸಿ ಬಲಗಡೆ ಹಿಂದಿನ ಜೇಬಿಗೆ ಇಟ್ಟುಕೊಂಡು ನೀನು ಗಾಡಿ ಹತ್ತುತ್ತಿ. ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಟೊಂಕ ಓರೆಯಾಗಿ ತಾಸುಗಟ್ಟಲೆ ಕೂತರೆ ಪಿರ್ರೆಯಿಂದ ತೊಡೆಯ ಹಿಂದೆ ಇಳಿಯುವ ನರ ಅದುಮಿಕೊಳ್ಳುತ್ತದೆ. ನಿನಗೆ ನೋವು ಬಲಗಡೆಯೇ ಜಾಸ್ತಿ ಅಂದಿಯಲ್ಲ, ನಾಳೆಯಿಂದ ಪಾಕೀಟು ಬ್ಯಾಗಿಗೆ ಹಾಕಿ ಒಂದು ವಾರ ನೋಡು.

ಹಾಗೇ ಸೀಟಿನ ತಪ್ಪಲ್ಲದ್ದನ್ನು ಸೀಟಿನ ಮೇಲೆ ಹೊರಿಸಬೇಡ. ನಮ್ಮ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಟ್ಟು ಕುಗ್ಗುತ್ತದೆ. ಮೇಲೆ ಎಷ್ಟು ಚಂದ ಡಾಂಬರು ಹಾಕಿದರೂ ಕೆಳಗೆ ಮಣ್ಣು ಅಲುಗಾಡಿದ ಮೇಲೆ ರಸ್ತೆ ತೆಗ್ಗು ದಿನ್ನೆಯಾಗುತ್ತದೆ. ಮಾನ್ವಿ ಕಡೆ ಹೋದರೆ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳು, ನಾಟಿ ಸಮಯಕ್ಕೆ ಟ್ರ್ಯಾಕ್ಟರ್ ಗಾಲಿಯಿಂದ ಬಿದ್ದ ಕೆಸರು ರಸ್ತೆ ಮೇಲೆ ಒಣಗಿ ಹೆಂಟೆಯಾಗಿ ಕೂತಿರುತ್ತದೆ. ಇವುಗಳ ಪೆಟ್ಟು ಮೊದಲು ಟೈರು ತಿನ್ನಬೇಕು, ಆಮೇಲೆ ಶಾಕ್ ಅಬ್ಸಾರ್ಬರ್ ತಿನ್ನಬೇಕು, ಉಳಿದದ್ದು ಮಾತ್ರ ಸೀಟಿಗೆ ಬರಬೇಕು. ಪಂಕ್ಚರ್ ಅಂಗಡಿಯ ಹುಡುಗ ಕಲ್ಲಿನಂತೆ ಗಾಳಿ ತುಂಬಿದರೆ ಸಾವಿರಾರು ರೂಪಾಯಿ ಸೀಟೂ ಕೆಲಸಕ್ಕೆ ಬರುವುದಿಲ್ಲ. ಒಬ್ಬನೇ ಹೋಗುವಾಗ ಎಷ್ಟು, ಹಿಂದೆ ಒಬ್ಬರಿದ್ದರೆ ಎಷ್ಟು ಅಂತ ಗಾಡಿಯ ಮೇಲೆ ಅಂಟಿಸಿದ ಚೀಟಿಯಲ್ಲೋ ಕಂಪನಿ ಕೊಟ್ಟ ಪುಸ್ತಕದಲ್ಲೋ ಇರುತ್ತದೆ. ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಿಸು.

ನಿನ್ನ ಸ್ಪ್ಲೆಂಡರಿನ ಹಿಂದಿನ ಶಾಕ್ ಅಬ್ಸಾರ್ಬರ್ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಚ್ಚು ಹಾಕಿದ ಒಂದು ಬಳೆ ಇದೆ, ಐದು ಹಂತಕ್ಕೆ ತಿರುಗುತ್ತದೆ. ನೀನು ಗಾಡಿ ಕೊಂಡ ಮೇಲೆ ಅದನ್ನು ಮುಟ್ಟಿರಲಿಕ್ಕಿಲ್ಲ. ಅದು ಬಿಗಿ ಹಂತದಲ್ಲಿ ಇದ್ದರೆ, ನಿನ್ನಂಥ ಸಣಕಲ ಒಬ್ಬನೇ ಕೂತಾಗ ಸ್ಪ್ರಿಂಗು ಅಲುಗಾಡುವುದೇ ಇಲ್ಲ, ಪೆಟ್ಟೆಲ್ಲ ನೆಟ್ಟಗೆ ಟೊಂಕಕ್ಕೆ. ಮೆತ್ತನೆ ಹಂತಕ್ಕೆ ತಿರುಗಿಸಲು ಮೆಕ್ಯಾನಿಕ್ಕಿಗೆ ಎರಡು ನಿಮಿಷದ ಕೆಲಸ. ಎರಡೂ ಕಡೆ ಒಂದೇ ಹಂತಕ್ಕೆ ಇರಲಿ. ಹೆಂಡತಿ ಕೂತು, ಮೇಲೆ ಅಕ್ಕಿ ಚೀಲವೂ ಇದ್ದ ದಿನ ಮತ್ತೆ ಬಿಗಿ ಮಾಡಬೇಕು. ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿದ್ದರೆ ಮಾತ್ರ ತಿರುಗಿಸಿ ಉಪಯೋಗವಿಲ್ಲ, ಬದಲಿಸಬೇಕು.

ಮೆಕ್ಯಾನಿಕ್ಕಿನ ಹತ್ತಿರ ಹೋದವನು ಸೀಟನ್ನೂ ಒಮ್ಮೆ ಬಿಚ್ಚಿಸಿ ಬೋರಲು ಹಾಕಿ ನೋಡು. ತಳದಲ್ಲಿ ಗುಂಡಗೆ ಸಣ್ಣ ಸಣ್ಣ ರಬ್ಬರ್ ಬುಷ್‌ಗಳಿರುತ್ತವೆ, ಸೀಟು ಚಾಸಿಯ ಮೇಲೆ ಕೂರುವುದು ಅವುಗಳ ಮೇಲೆಯೇ. ಹಳೇ ಗಾಡಿಯಲ್ಲಿ ಒಂದು ಕಳೆದುಹೋಗಿರುತ್ತದೆ, ಒಂದು ಚಪ್ಪಟೆಯಾಗಿರುತ್ತದೆ, ಉಳಿದವು ಬಿಸಿಲಿಗೆ ಒಣಗಿ ಉಗುರು ಹಾಕಿದರೆ ಪುಡಿ ಉದುರುತ್ತದೆ. ಬುಷ್ ಇಲ್ಲದ ಮೂಲೆಯಲ್ಲಿ ತಳ ಕಬ್ಬಿಣಕ್ಕೆ ಬಡಿದು ಹೊಳೆಯುವ ಗುರುತು ಬಿದ್ದಿರುತ್ತದೆ. ಎಂಜಿನ್ನಿನ ನಡುಕ ಆ ಮೂಲೆಯಿಂದಲೇ ಮೇಲೆ ಹತ್ತುವುದು. ಹೊಸ ಬುಷ್‌ಗಳಿಗೆ ಒಂದು ಊಟದ ದುಡ್ಡೂ ಆಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ನೋವು ಉಳಿದರೆ ಆಗ ಸೀಟಿಗೆ ಕೈ ಹಾಕು. ಅದಕ್ಕೂ ಪಾರ್ಸಲ್ಲೇ ಬೇಕೆಂದಿಲ್ಲ. ರಾಯಚೂರಿನಲ್ಲಿ ತೀನ್ ಕಂದೀಲ್ ಸುತ್ತ, ಸ್ಟೇಷನ್ ರೋಡಿನಲ್ಲಿ ಕುಶನ್ ಕೆಲಸದವರು ಸಿಗುತ್ತಾರೆ, ಮಾನ್ವಿ ದೇವದುರ್ಗದಲ್ಲೂ ಹುಡುಕಿದರೆ ಸಿಗುತ್ತಾರೆ. ನಿನ್ನ ಸೀಟಿನ ಹಳೇ ಫೋಮು ವರ್ಷಗಟ್ಟಲೆ ಬಿಸಿಲಲ್ಲಿ ತುಳಿಸಿಕೊಂಡು ಹಳೇ ಹತ್ತಿ ಗಾದಿಯಂತೆ ಕೂರುವ ಜಾಗದಲ್ಲೇ ತಳ ಹಿಡಿದಿರುತ್ತದೆ. ಗಾದಿಯಾದರೆ ಹಿಂಜಬಹುದು, ಫೋಮನ್ನು ಹಿಂಜಲಾಗುವುದಿಲ್ಲ. ಆ ಭಾಗ ಕತ್ತರಿಸಿ ತೆಗೆದು ಹೊಸದು ಅಂಟಿಸಬೇಕು.

ಕುಶನ್‌ನವನ ಕೆಲಸ ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದರೆ ನಿನಗೆ ಬೇಕಾದ್ದನ್ನು ಕೇಳಿ ಮಾಡಿಸಿಕೊಳ್ಳಬಹುದು. ಮೊದಲು ಸ್ಕ್ರೂಡ್ರೈವರ್ ತುದಿಯಿಂದ ತಳದ ಸುತ್ತಲಿನ ಪಿನ್ನುಗಳನ್ನು ಒಂದೊಂದಾಗಿ ಎಬ್ಬಿಸಿ ರೆಕ್ಸಿನ್ ಸುಲಿಯುತ್ತಾನೆ. ಫೋಮಿನ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ಉದ್ದ ಬ್ಲೇಡಿನಿಂದ ಕೊಯ್ಯುತ್ತಾನೆ, ಸೊಲ್ಯೂಷನ್ ಸವರಿ ಹೊಸ ತುಂಡು ಕೂರಿಸಿ, ಅಂಚುಗಳನ್ನು ಉಜ್ಜಿ ಇಳಿಜಾರು ಮಾಡುತ್ತಾನೆ, ರೆಕ್ಸಿನ್ ಎಳೆದು ಮತ್ತೆ ಪಿನ್ನು ಹೊಡೆಯುತ್ತಾನೆ. ನೀನು ಬಾಯಿ ಬಿಡದಿದ್ದರೆ ಅವನು ಹಾಕುವುದು ಸೋಫಾದ ಫೋಮು, ಕೈಗೆ ಸಿಕ್ಕಿದ್ದು ಅದೇ ಆಗಿರುತ್ತದೆ. ಮಾರುಕಟ್ಟೆಯಲ್ಲಿ 32 ಡೆನ್ಸಿಟಿ, 40 ಡೆನ್ಸಿಟಿ ಅನ್ನುತ್ತಾರಲ್ಲ, ಒಂದು ಘನ ಮೀಟರ್ ಫೋಮು ಅಷ್ಟು ಕಿಲೋ ತೂಗುತ್ತದೆ ಅಂತ ಅದರ ಲೆಕ್ಕ. ಸೋಫಾದ 32 ಗಾಡಿಗೆ ಸಾಲದು, ನಾಲ್ಕು ತಿಂಗಳಿಗೆ ಕುಸಿಯುತ್ತದೆ. ತುಣುಕು ಫೋಮುಗಳನ್ನು ಒತ್ತಿ ಅಂಟಿಸಿದ ಬಣ್ಣಬಣ್ಣದ ರೀಬಾಂಡೆಡ್ ಅಂತ ಒಂದು ಬರುತ್ತದೆ, ಬಹಳ ಗಟ್ಟಿ. ಅದು ಕೆಳಗೆ, ಅದರ ಮೇಲೆ ಒಳ್ಳೆ ಡೆನ್ಸಿಟಿಯ ಫೋಮು, ಎಲ್ಲಕ್ಕಿಂತ ಮೇಲೆ ತೆಳ್ಳಗೆ ಅರ್ಧ ಇಂಚು ಮೆತ್ತನೆಯದು. ಈ ಕ್ರಮ ತಪ್ಪಬಾರದು. ಮೆತ್ತನೆಯದನ್ನು ದಪ್ಪಗೆ ಹಾಕುವ ಆಸೆ ಅವನಿಗೂ ಇರುತ್ತದೆ, ಗಿರಾಕಿ ಅಂಗಡಿಯಲ್ಲೇ ಖುಷಿಯಾಗಿ ದುಡ್ಡು ಕೊಡಲಿ ಅಂತ.

ಆಕಾರದ ಬಗ್ಗೆ ಎರಡು ಮಾತು ಹೇಳು. ಸೀಟು ಮುಂದಕ್ಕೆ ಇಳಿಜಾರಾಗಿ ನಿನ್ನನ್ನು ಟ್ಯಾಂಕಿಗೆ ನೂಕುತ್ತಿದ್ದರೆ ಮುಂದಿನ ಭಾಗ ಸ್ವಲ್ಪ ಎತ್ತರಿಸಿ ಸಪಾಟು ಮಾಡಲಿ. ಆದರೆ ತೊಟ್ಟಿಲಿನಂತೆ ತೆಗ್ಗು ಮಾಡಿ ಹಿಂದೆ ಗೋಡೆ ಎಬ್ಬಿಸುವುದು ಬೇಡ. ನೋಡಲು ಚಂದ, ಟೊಂಕಕ್ಕೆ ಆಸರೆ ಕೊಟ್ಟಂತೆಯೂ ಅನ್ನಿಸುತ್ತದೆ, ಆದರೆ ಒಮ್ಮೆ ಕೂತರೆ ಒಂದೇ ಜಾಗ. ದೂರದ ದಾರಿಯಲ್ಲಿ ಮನುಷ್ಯ ಎರಡಿಂಚು ಹಿಂದೆ, ಎರಡಿಂಚು ಮುಂದೆ ಸರಿಯುತ್ತಾ ಇರಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬರುತ್ತಿದ್ದ ಯೆಜ್ಡಿಗೆ ಉದ್ದನೆಯ ಸಪಾಟು ಸೀಟು ಇತ್ತು, ಅದರ ಮೇಲೆ ಹಂಪಿಗೆ ಹೋಗಿ ಬಂದವರು ಇಂದಿಗೂ ಆ ಸೀಟನ್ನು ನೆನೆಯುತ್ತಾರೆ. ಕಾರ್ಖಾನೆ 1996ರಲ್ಲಿ ನಿಂತುಹೋಯಿತು, ಸೀಟಿನ ಬುದ್ಧಿವಂತಿಕೆಯನ್ನು ಆಮೇಲಿನವರು ಪೂರ್ತಿ ಉಳಿಸಿಕೊಳ್ಳಲಿಲ್ಲ ಅನ್ನುವುದು ನನ್ನ ಖಾಸಗಿ ದೂರು. ಹೊಲಿಗೆಯನ್ನು ಎಲುಬು ಕೂರುವ ಜಾಗದಲ್ಲಿ ಬರದಂತೆ ಪಕ್ಕಕ್ಕೆ ಸರಿಸಲು ಹೇಳು. ಹೊಲಿಗೆಯ ತೂತಿನಿಂದಲೇ ಮಳೆನೀರು ಇಳಿಯುವುದು, ಫೋಮು ಕುಡಿದುಕೊಂಡರೆ ನಾಲ್ಕು ದಿನ ಪ್ಯಾಂಟು ಒದ್ದೆ. ರೆಕ್ಸಿನ್ ಕೆಳಗೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಹಾಕಿಸು. ರೆಕ್ಸಿನ್ ಕಪ್ಪಗಿನದೇ ಬೇಕೆಂದಿಲ್ಲ, ಬೂದು ಬಣ್ಣದ್ದು ಕಡಿಮೆ ಕಾಯುತ್ತದೆ, ಧೂಳೂ ಕಾಣುವುದಿಲ್ಲ. ಚಾಸಿ ಕೊಯ್ದು ಬೆಸುಗೆ ಹಾಕಿ ಕೊಡುತ್ತೇನೆ ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬಾ. ಫೋಮು ನಿನ್ನದು, ಚಾಸಿಗೆ ಕೈ ಹಚ್ಚಿದರೆ ಆರ್‌ಟಿಒ ಕೇಳುತ್ತಾರೆ, ಗಾಡಿಯ ಬಲವೂ ಹೋಗುತ್ತದೆ.

ಎತ್ತರ ಮರೆಯಬೇಡ. ಸ್ಪ್ಲೆಂಡರಿನ ಸೀಟು ನೆಲದಿಂದ 785 ಮಿಲಿಮೀಟರ್. ಪ್ಲಾಟಿನಾ 100ರದ್ದು 807, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರದ್ದು 805. ನೀನು ಒಂದಿಂಚು ಫೋಮು ಏರಿಸಿದರೆ ನಿನ್ನ ಸ್ಪ್ಲೆಂಡರು ಅವೆರಡನ್ನೂ ದಾಟಿ ನಿಲ್ಲುತ್ತದೆ. ಉದ್ದ ಕಾಲಿನವನಿಗೆ ಅದು ಒಳ್ಳೆಯದೇ, ಮೊಣಕಾಲು ಅಷ್ಟು ಮಡಚುವುದು ತಪ್ಪುತ್ತದೆ. ನೀನು ಎಷ್ಟು ಉದ್ದ ಅಂತ ನಿನಗೇ ಗೊತ್ತು. ರಾಜೇಂದ್ರ ಗಂಜ್ ಮುಂದೆ ಹತ್ತಿ ಗಾಡಿಗಳ ನಡುವೆ ನಿಂತು ನಿಂತು ಹೋಗುವಾಗ ಎರಡೂ ಪಾದದ ಮುಂಭಾಗವಾದರೂ ನೆಲಕ್ಕೆ ಊರಬೇಕು. ಏರಿಸುವ ಮುಂಚೆ ಸೀಟಿನ ಮೇಲೆ ಅಷ್ಟೇ ದಪ್ಪದ ಹಲಗೆ ಕಟ್ಟಿಕೊಂಡು ಓಣಿಯಲ್ಲಿ ಒಂದು ಸುತ್ತು ನಿಂತು ನೋಡು, ಓಡಿಸುವುದು ಬೇಡ.

ಬುಲೆಟ್ಟಿನ ಸ್ಪ್ರಿಂಗ್ ಸೀಟು ಹಾಕಿಸಿದರೆ ಹೇಗೆ ಅಂತಲೂ ಕೇಳಿದ್ದಿ. ಹಿಂದಿನ ಚಕ್ರಕ್ಕೆ ಶಾಕ್ ಅಬ್ಸಾರ್ಬರೇ ಇಲ್ಲದ ಕಾಲದಲ್ಲಿ ಸೀಟಿನ ಕೆಳಗೆ ಸ್ಪ್ರಿಂಗು ಇಡುತ್ತಿದ್ದರು, ಅದು ಆಗ ಬೇಕಿತ್ತು. ಈಗ ಚಕ್ರಕ್ಕೂ ಸ್ಪ್ರಿಂಗು, ಸೀಟಿಗೂ ಸ್ಪ್ರಿಂಗು ಇದ್ದರೆ ಎರಡೂ ತಮ್ಮ ತಮ್ಮ ತಾಳಕ್ಕೆ ಕುಣಿಯುತ್ತವೆ. ಹದವಾಗಿ ಕೂಡಿಸಿದರೆ ಸುಖವೂ ಹೌದು, ಆದರೆ ಸ್ಪ್ಲೆಂಡರಿಗೆ ಅದು ವೇಷ. ಹಿಂದೆ ಕೂರುವವರಿಗೆ ಜಾಗವೂ ಹೋಗುತ್ತದೆ.

ಗಾಳಿ ತುಂಬುವ ದಿಂಬು ಇನ್ನೊಂದಿದೆ, ಸೀಟಿನ ಮೇಲೆ ಕಟ್ಟುವಂಥದ್ದು. ಅಮೆರಿಕದಲ್ಲಿ ಗಾಲಿಕುರ್ಚಿಯಲ್ಲಿ ದಿನವಿಡೀ ಕೂರುವವರಿಗೆ ಹುಣ್ಣಾಗದಿರಲಿ ಅಂತ ರೋಹೋ ಕಂಪನಿ ಮಾಡಿದ ಗುಳ್ಳೆಗುಳ್ಳೆ ದಿಂಬು ಆಮೇಲೆ ಏರ್‌ಹಾಕ್ ಅನ್ನುವ ಹೆಸರಲ್ಲಿ ಗಾಡಿಗೂ ಬಂತು. ಈಗ ಅಗ್ಗದ ನಕಲುಗಳು ಬೇಕಾದಷ್ಟು ಸಿಗುತ್ತವೆ. ನನ್ನ ಮಟ್ಟಿಗೆ ನಿಜವಾಗಿ ದೂರ ಹೋಗುವವರಿಗೆ ಜೆಲ್‌ಗಿಂತ ಇದು ಮೇಲು, ಗುಳ್ಳೆಗಳ ನಡುವೆ ಗಾಳಿಯೂ ಆಡುತ್ತದೆ. ಕೊಂಡವರಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ಚೆಂಡಿನಂತೆ ಬಿಗಿಯಾಗಿ ತುಂಬುವುದು. ಆಗ ಮೇಲೆ ಕೂತವನು ತೇಲಾಡುತ್ತಾನೆ, ತಿರುವಿನಲ್ಲಿ ಗಾಡಿ ಮಾತು ಕೇಳುವುದಿಲ್ಲ ಅನ್ನಿಸುತ್ತದೆ. ತುಂಬಿ, ಮೇಲೆ ಕೂತು, ಎಲುಬು ಸೀಟಿಗೆ ತಾಗಿತೇನೋ ಅನ್ನುವ ತನಕ ಗಾಳಿ ಬಿಡುತ್ತಾ ಬಂದು, ತಾಗುವ ಸ್ವಲ್ಪ ಮೊದಲು ಮುಚ್ಚಬೇಕು. ಬೆಳಿಗ್ಗೆ ತುಂಬಿದ ಗಾಳಿ ಮಧ್ಯಾಹ್ನದ ಕಾವಿಗೆ ಹಿಗ್ಗುತ್ತದೆ, ಆದ್ದರಿಂದ ಬಿಸಿಲೇರಿದ ಮೇಲೆ ಒಮ್ಮೆ ಪುಸ್ ಅನ್ನಿಸಿ ಸರಿಮಾಡಿಕೋ. ಜಾಲಿಮುಳ್ಳಿನ ಊರಿದು, ತೇಪೆಯನ್ನೂ ಜೊತೆಗೆ ಇಟ್ಟುಕೋ.

ಹಿಂದಿನ ಸೀಟಿನ ವಿಷಯವನ್ನು ಗಂಡಸರು ಯಾರೂ ಕೇಳುವುದಿಲ್ಲ, ನೀನೂ ಕೇಳಲಿಲ್ಲ. ಮಾನ್ವಿಗೆ ನಿನ್ನ ಹೆಂಡತಿ ಸೀರೆ ಉಟ್ಟು ಒಂದು ಪಕ್ಕಕ್ಕೆ ಕಾಲು ಬಿಟ್ಟು ಕೂತು ಬರುತ್ತಾಳೆ. ಹಾಗೆ ಕೂತವರ ಟೊಂಕ ದಾರಿಯುದ್ದಕ್ಕೂ ತಿರುಚಿಕೊಂಡೇ ಇರುತ್ತದೆ, ನಿನ್ನ ನೋವಿಗಿಂತ ಅವಳದ್ದು ಜಾಸ್ತಿ, ಹೇಳಿಲ್ಲ ಅಷ್ಟೇ. ದೂರ ಹೋಗುವ ದಿನ ಚೂಡಿದಾರ ಹಾಕಿಕೊಂಡು ಎರಡೂ ಕಡೆ ಕಾಲು ಹಾಕಿ ಕೂರಲಿ, ಊರು ಮುಟ್ಟಿದ ಮೇಲೆ ಸೀರೆ ಉಡಬಹುದು. ಅತ್ತೆಗೆ ನಾನು ಹೇಳುತ್ತೇನೆ. ಹಿಂದಿನ ಸೀಟಿಗೂ ಅದೇ ಗಟ್ಟಿ ಫೋಮು ಹಾಕಿಸು. ಹಿಡಿಕೆ, ಕಾಲಿಡುವ ಕಂಬಿ, ಸೀರೆ ಸಿಕ್ಕಿಕೊಳ್ಳದಂತೆ ಚಕ್ರದ ಅರ್ಧ ಮುಚ್ಚುವ ಜಾಳಿಗೆ ಇರಲೇಬೇಕೆಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ಅಂದಕ್ಕೆಂದು ಬಿಚ್ಚಿಸಿಟ್ಟಿದ್ದರೆ ಮರಳಿ ಹಾಕಿಸು. 1988ರ ಕಾಯ್ದೆಯ ಪ್ರಕಾರ ಹಿಂದೆ ಒಬ್ಬರೇ. ಎಷ್ಟೇ ಉದ್ದದ ಸೀಟು ಮಾಡಿಸಿದರೂ ಅದು ತ್ರಿಬಲ್ಲಿಗೆ ಪರವಾನಗಿ ಅಲ್ಲ. ನಾಲ್ಕು ವರ್ಷದೊಳಗಿನ ಮಗುವಾದರೆ ಓಡಿಸುವವನ ಮೈಗೆ ಕಟ್ಟುವ ಪಟ್ಟಿ ಬೇಕು, ಗಂಟೆಗೆ 40 ಕಿಲೋಮೀಟರ್ ಮೀರುವಂತಿಲ್ಲ, 2022ರಲ್ಲಿ ಹೊರಡಿಸಿದ ನಿಯಮ ಅದು. ಚಿಕ್ಕವನನ್ನು ಟ್ಯಾಂಕಿನ ಮೇಲೆ ಕೂರಿಸುವ ಚಾಳಿ ಬಿಡು.

ಎಂಥ ಸೀಟಾದರೂ ಮುಕ್ಕಾಲು ತಾಸಿಗೊಮ್ಮೆ ಇಳಿಯಬೇಕು. ಗಬ್ಬೂರಿನಲ್ಲಿ ಹಳೇ ಗುಡಿಗಳಿವೆ, ನೆರಳಿದೆ, ಚಾ ಇದೆ. ಮಾನ್ವಿ ದಾರಿಯಾದರೆ ನೀರಮಾನ್ವಿಯಲ್ಲಿ ನಿಲ್ಲು. ಐದು ನಿಮಿಷ ನಡೆದಾಡು, ನೀರು ಕುಡಿ, ಕೂತೇ ಮೊಬೈಲ್ ನೋಡಿದರೆ ಅದು ವಿಶ್ರಾಂತಿಯಲ್ಲ. ಹಂಪು ಬಂದಾಗ ಕಾಲ್ಗಂಬಿಯ ಮೇಲೆ ಒಂಚೂರು ಎದ್ದು ನಿಲ್ಲುವುದನ್ನು ರೂಢಿಮಾಡಿಕೋ, ಮೊಣಕಾಲು ಟ್ಯಾಂಕಿಗೆ ಒತ್ತಿರಲಿ.

ಗಾಡಿ ಇಳಿದು ಹತ್ತು ನಿಮಿಷದಲ್ಲಿ ಜೋಮು ಹೋದರೆ ಚಿಂತೆಯಿಲ್ಲ. ಮರುದಿನವೂ ಉಳಿದರೆ, ನೋವು ಕಾಲಿನ ಹಿಂಭಾಗದಲ್ಲಿ ಪಾದದ ತನಕ ಇಳಿದರೆ, ಫೋಮಿನವನ ಹತ್ತಿರ ಅಲ್ಲ, ಎಲುಬಿನ ಡಾಕ್ಟರ ಹತ್ತಿರ ಹೋಗು. ತೊಡೆಸಂದಿನ ಸುತ್ತ ಸ್ಪರ್ಶವೇ ತಿಳಿಯದಂತಾಗಿ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದೆ ಹೋದರೆ ಅವತ್ತೇ ರಿಮ್ಸ್ ಆಸ್ಪತ್ರೆಗೆ ಹೋಗು, ಬೆಳಗಾಗಲಿ ಅಂತ ಕಾಯಬೇಡ. ಬೆನ್ನುಹುರಿಯ ಬುಡದ ನರಗಳು ಅದುಮಿಕೊಂಡಾಗ ಹಾಗಾಗುತ್ತದೆ, ಅದು ತಾಸುಗಳ ಲೆಕ್ಕದ ಕೆಲಸ. ಮೂಲವ್ಯಾಧಿ ಇದ್ದರೆ ಮುಚ್ಚಿಟ್ಟುಕೊಂಡು ಸೀಟು ಬದಲಿಸುತ್ತಾ ಕೂರಬೇಡ, ನಮ್ಮಲ್ಲಿ ಎಷ್ಟೋ ಮಂದಿ ಮಾಡುವುದು ಅದನ್ನೇ.

ಮತ್ತೆ ಹೊಸ ಸೀಟು ಹಾಕಿಸಿದ ಮೇಲೆ ಗೆಳೆಯರ ಜೊತೆ ಗಾಡಿ ಮೇಲೆ ಬೆಂಗಳೂರಿಗೆ ಹೋಗುತ್ತೇನೆ ಅಂದದ್ದನ್ನೂ ಕೇಳಿಸಿಕೊಂಡೆ. 400 ಕಿಲೋಮೀಟರಿಗೂ ಮೇಲೆ, 100 ಸಿಸಿ ಗಾಡಿಯ ಮೇಲೆ! ಅದಕ್ಕೆ ಯೋಗ್ಯವಾದ ಸೀಟು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿದೆ, ರಾಯಚೂರಿನಲ್ಲಿ ನಿಲ್ಲುತ್ತದೆ, ರಿಸರ್ವೇಶನ್ ಮಾಡಿಸು. ಗುರುವಾರದ ಮಂತ್ರಾಲಯ, ಹೆಚ್ಚೆಂದರೆ ತಿಂಥಣಿ ಮೌನೇಶ್ವರ, ಅಲ್ಲಿಗೆ ನಿನ್ನ ಸ್ಪ್ಲೆಂಡರು ಸುಖವಾಗಿ ಮುಟ್ಟಿಸುತ್ತದೆ.

ಕುಶನ್ ಅಂಗಡಿಗೆ ಹೋಗುವುದಾದರೆ ಭಾನುವಾರ ಬೆಳಿಗ್ಗೆ ಹೋಗು, ಅವನ ಕೈ ಖಾಲಿ ಇರುತ್ತದೆ. ಕೊಯ್ಯುವುದನ್ನು ನಿನ್ನ ಈಗಿನ ಸೀಟಿನ ಮೇಲೆ ಮಾಡಿಸಬೇಡ. ಗುಜರಿಯಲ್ಲಿ ಸ್ಪ್ಲೆಂಡರಿನ ಹಳೇ ಸೀಟು ಅಗ್ಗಕ್ಕೆ ಸಿಗುತ್ತದೆ, ತಳ ಸೀಳಿಲ್ಲದ್ದನ್ನು ನೋಡಿ ತಂದು ಅದಕ್ಕೆ ಮಾಡಿಸು. ಒಂದು ವಾರ ದೇವದುರ್ಗಕ್ಕೆ ಓಡಿಸಿ, ಎಲ್ಲಿ ಒತ್ತುತ್ತದೋ ಅಲ್ಲಿ ಚಾಕ್‌ಪೀಸಿನಲ್ಲಿ ಗುರುತು ಹಾಕಿಕೊಂಡು ಮತ್ತೆ ಅವನ ಹತ್ತಿರ ಹೋದರೆ ಇನ್ನಷ್ಟು ಕೊಯ್ದು ಸರಿಮಾಡಿ ಕೊಡುತ್ತಾನೆ. ಎರಡನೆಯ ಸಲದ್ದಕ್ಕೆ ದುಡ್ಡು ಇಲ್ಲ ಅಂತ ಮೊದಲೇ ಮಾತಾಡಿಕೋ. ಕಂಪನಿ ಸೀಟನ್ನು ಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡು, ಗಾಡಿ ಮಾರುವ ದಿನ ಬರುವ ಗಿರಾಕಿ ಅದನ್ನೇ ಕೇಳುತ್ತಾನೆ.